ಆಲೆ ಹೂ ಬಿಡುವ ಹೊತ್ತು

ಯುಗಾದಿ ಕಳೆದು ರಾಮನವಮಿಯ ಪಾನಕ ಹಂಚುವ ವೇಳೆಗೆ ರಾಮನಗರ ಸೀಮೆಯ ಬೆಟ್ಟಗಳು ಕಾದು ಕೂತಿರುತ್ತವೆ. ಹುಲ್ಲು ಒಣಗಿರುತ್ತದೆ, ಕುರುಚಲು ಕಾಡಿನ ಬಹುಪಾಲು ಗಿಡಗಳು ಎಲೆ ಉದುರಿಸಿ ನಿಂತಿರುತ್ತವೆ. ಆಗಲೇ ಬಂಡೆಯ ಸಂದಿನಲ್ಲಿ, ಹೊಲದ ಬದುವಿನಲ್ಲಿ, ಊರಾಚೆಯ ಗೋಮಾಳದಲ್ಲಿ ಮೊನ್ನೆಯವರೆಗೂ ಬರೀ ಕಡ್ಡಿಯಾಗಿದ್ದ ಗಿಡವೊಂದು ತಿಳಿಹಸಿರು ಚಿಗುರಿನ ಜೊತೆಜೊತೆಗೇ ಬಿಳಿ ಹೂವಿನ ಗೊಂಚಲು ಹೊರಡಿಸುತ್ತದೆ. ಸಂಜೆ ಗಾಳಿ ಬೀಸಿದರೆ ಮಲ್ಲಿಗೆಯನ್ನು ನೆನಪಿಸುವ ತೆಳು ಪರಿಮಳ.

ಇದು ಆಲೆ. ಹಾಲೆ, ಬೆಪ್ಪಾಲೆ ಎಂದೂ ಕರೆಯುವುದುಂಟು. ಸಸ್ಯಶಾಸ್ತ್ರಜ್ಞರು ಇದಕ್ಕೆ ಇಟ್ಟ ಹೆಸರು ರೈಟಿಯಾ ಟಿಂಕ್ಟೋರಿಯಾ. ಆಲದ ಮರಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಇದು ಕಣಗಿಲೆ, ನಂದಿಬಟ್ಟಲುಗಳ ಕುಟುಂಬಕ್ಕೆ ಸೇರಿದ್ದು. ಚನ್ನಪಟ್ಟಣದ ಬಣ್ಣದ ಗೊಂಬೆಗಳು ಹೆಸರು ಮಾಡಿದ್ದು ಇದೇ ಗಿಡದ ಬಿಳಿ ಮರದಿಂದ. ಬುಗುರಿ, ಗಿಲಕಿ, ತಳ್ಳುಗಾಡಿ, ತಲೆಯಾಡಿಸುವ ಬೊಂಬೆ ಎಲ್ಲಕ್ಕೂ ತಲೆತಲಾಂತರದಿಂದ ಬಳಸಿದ್ದು ಆಲೆಯನ್ನೇ. ಬೆಂಗಳೂರು-ಮೈಸೂರು ಹಳೆ ರಸ್ತೆಯ ಅಂಗಡಿಗಳ ಮುಂದೆ ಕಾರು ನಿಲ್ಲಿಸಿ ಈ ಗೊಂಬೆ ಕೊಳ್ಳುವವರು ಸಾವಿರಾರು ಮಂದಿ. ಅವರಲ್ಲಿ ಆಲೆ ಗಿಡವನ್ನು ಕಂಡು ಗುರುತಿಸಬಲ್ಲವರು ತೀರ ಕಡಿಮೆ. ಗೊಂಬೆಯ ಸೀಮೆಯಲ್ಲೇ ಹುಟ್ಟಿ ಬೆಳೆದವರಲ್ಲೂ ಹೊಸ ತಲೆಮಾರಿನವರಿಗೆ ಅದರ ಗುರುತು ತಪ್ಪುತ್ತಿದೆ.

ಗುರುತು ತಪ್ಪಿದರೆ ಆಗುವ ನಷ್ಟ ಸಣ್ಣದಲ್ಲ. ಹೊಲ ಸಮ ಮಾಡಲು ಜೆಸಿಬಿ ಬಂದಾಗ ಹೊಂಗೆ, ಬೇವು, ಹುಣಸೆಯನ್ನು ಉಳಿಸಿ ಎಂದು ಹೇಳುವವರು ಇರುತ್ತಾರೆ. ಬದುವಿನ ಆಲೆ ಮಾತ್ರ ಬರೀ ಕಾಡುಗಿಡವೆಂಬ ಲೆಕ್ಕದಲ್ಲಿ ಬೇರುಸಹಿತ ಹೋಗುತ್ತದೆ.

ಹೂವಿನ ಆಸೆಗೆ ಗಿಡ ಬೆಳೆಸುವವರು ಕೂಡ ಇದನ್ನು ನೋಡುವುದಿಲ್ಲ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಹೈಡ್ರೇಂಜಿಯಾದ ದುಂಡನೆಯ ನೀಲಿ, ಗುಲಾಬಿ, ಬಿಳಿ ಗೊಂಚಲು ನೋಡಿ ಮನಸೋತು ಕುಂಡ ತಂದು ಮನೆ ಮುಂದೆ ಇಟ್ಟವರು ರಾಮನಗರ, ಕನಕಪುರಗಳಲ್ಲೂ ಇದ್ದಾರೆ. ಹೈಡ್ರೇಂಜಿಯಾ ತಂಪು ಬೇಡುವ ಗಿಡ. ಅದರ ತವರು ಪೂರ್ವ ಏಷ್ಯಾ ಮತ್ತು ಅಮೆರಿಕ ಖಂಡಗಳು. ಭಾರತದಲ್ಲಿ ಅದರ ಕಾಡು ಜಾತಿಗಳು ಸಿಗುವುದು ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳಲ್ಲಿ. ಊಟಿ, ಕೊಡಗು, ಚಿಕ್ಕಮಗಳೂರಿನ ಬಂಗಲೆಗಳ ಅಂಗಳದಲ್ಲಿ ಅದು ಸೊಗಸಾಗಿ ಬೆಳೆಯುತ್ತದೆ. ಮಣ್ಣು ಹುಳಿಯಾಗಿದ್ದರೆ ಅದರಲ್ಲಿನ ಅಲ್ಯೂಮಿನಿಯಂ ಗಿಡಕ್ಕೆ ದಕ್ಕಿ ಹೂ ನೀಲಿಯಾಗುತ್ತದೆ, ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ ಗುಲಾಬಿ. ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ಮಾತ್ರ ಅದರ ಅಗಲ ಎಲೆ ಬೆಳಿಗ್ಗೆ ನೀರು ಕುಡಿದು ಮಧ್ಯಾಹ್ನಕ್ಕೆ ಜೋಲುತ್ತದೆ, ಅಂಚು ಸುಡುತ್ತದೆ. ಕೊಳವೆಬಾವಿಯ ನೀರಿನಲ್ಲಿ ಸುಣ್ಣ ಹೆಚ್ಚಿರುವ ಕಡೆ ನೀಲಿಯ ಆಸೆಯನ್ನೂ ಬಿಡಬೇಕು.

ಬಿಳಿ ಗೊಂಚಲೇ ಬೇಕೆನ್ನುವವರಿಗೆ ರಾಮನಗರ ಸೀಮೆಯ ಮಣ್ಣು ತಾನಾಗಿ ಕೊಟ್ಟದ್ದು ಬೇರೆಯೇ ಇದೆ. ನೋಟಕ್ಕೆ ಹೈಡ್ರೇಂಜಿಯಾಕ್ಕೆ ಹತ್ತಿರದ್ದು ಪಾವಟೆ ಗಿಡ, ಶಾಸ್ತ್ರೀಯವಾಗಿ ಪಾವೆಟ್ಟಾ ಇಂಡಿಕಾ. ಆಳೆತ್ತರದ ಪೊದೆ, ತುದಿಯಲ್ಲಿ ದಟ್ಟನೆಯ ಬಿಳಿ ಗೊಂಚಲು. ಪ್ರತಿ ಹೂವಿಗೆ ನಾಲ್ಕೇ ದಳ, ಅದರ ನಡುವಿನಿಂದ ಉದ್ದನೆಯ ಕಡ್ಡಿಯೊಂದು ಹೊರಚಾಚಿರುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಕಪ್ಪು ಚುಕ್ಕೆಗಳು ಕಾಣುತ್ತವೆ. ಅದು ರೋಗವಲ್ಲ, ಗಿಡದ ಜೊತೆ ಹೊಂದಿಕೊಂಡು ಬಾಳುವ ಬ್ಯಾಕ್ಟೀರಿಯಾಗಳು ಎಲೆಯೊಳಗೆ ಕಟ್ಟಿಕೊಂಡ ಗಂಟುಗಳು. ಬಣ್ಣ ಬದಲಿಸುವ ದುಂಡು ಗೊಂಚಲಿನ ಲಂಟಾನವನ್ನು ಇಲ್ಲಿನದೇ ಗಿಡವೆಂದು ನಂಬಿದವರೂ ಇದ್ದಾರೆ. ಅದು ಅಮೆರಿಕ ಖಂಡದ ಮೂಲದ್ದು, ಅಲಂಕಾರಕ್ಕೆಂದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರ ತೋಟಗಳಿಗೆ ಬಂದು ಕಾಡಿಗೆ ನುಗ್ಗಿತು. ಆಲೆ, ಪಾವಟೆಗಳ ಎಳೆ ಸಸಿ ಏಳಬೇಕಾದ ಜಾಗವನ್ನು ಇಂದು ಎಷ್ಟೋ ಕಡೆ ಅದೇ ಮುಚ್ಚಿದೆ.

ಪಾವಟೆಗೆ ಮರದ ನೆರಳು ಹಿತ. ಬಟಾಬಯಲಿನ ಬಿಸಿಲಿಗೆ, ಕಲ್ಲು ಮಣ್ಣಿಗೆ ಆಲೆಯೇ ತಕ್ಕದ್ದು.

ರಾಮನಗರದ ಬಂಡೆಗಳಿಗೆ ಭೂವಿಜ್ಞಾನದಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೆಸರು. ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನಿಂದಾಗಿ ಊರಿಗೆ ಒಂದು ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಸುಮಾರು 250 ಕೋಟಿ ವರ್ಷಗಳ ಹಿಂದೆ ಮೂಡಿದ ಈ ಕಲ್ಲು ಸವೆದು ಉದುರಿದ ಮರಳು ಮಿಶ್ರಿತ ಕೆಂಪು ಮಣ್ಣು ನೀರು ನಿಲ್ಲಿಸಿಕೊಳ್ಳುವುದಿಲ್ಲ. ಮಾಗಡಿಯ ಸಾವನದುರ್ಗದ ತಪ್ಪಲಿನಿಂದ ಕನಕಪುರದಾಚೆ ಕಾವೇರಿ ಕಣಿವೆಯವರೆಗೆ ಹಬ್ಬಿರುವ ಎಲೆಯುದುರುವ ಒಣಕಾಡು ಇಂಥ ಮಣ್ಣಿನಲ್ಲೇ ನಿಂತಿದೆ. ಆಲೆಯದು ಇದೇ ಬಗೆಯ ಕಾಡು. 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರು ಬದಲಿಸಿಕೊಂಡ ಈ ಪ್ರದೇಶಕ್ಕೆ ತನ್ನದೇ ಒಂದು ಗಿಡವನ್ನು ಆರಿಸಿಕೊಳ್ಳಬೇಕೆಂದರೆ ಆಲೆಗಿಂತ ಹೆಚ್ಚು ಹಕ್ಕಿರುವುದು ಇನ್ನೊಂದಿಲ್ಲ.

ಕಾಡಿನಲ್ಲಿ, ಬೇಲಿಯಲ್ಲಿ ಪದೇ ಪದೇ ಕಡಿಸಿಕೊಂಡ ಆಲೆ ಬುಡದಿಂದ ಹಲವು ಕವಲೊಡೆದು ಪೊದೆಯಾಗಿಯೇ ಉಳಿದಿರುತ್ತದೆ. ಕೈ ಹಾಕದೆ ಬಿಟ್ಟರೆ ಹತ್ತು ಮೀಟರ್ ಎತ್ತರದ ಸಾಧಾರಣ ಮರವಾಗುತ್ತದೆ. ಎಲೆಗಳು ಎದುರುಬದುರಾಗಿ ಜೋಡಿ ಜೋಡಿಯಾಗಿರುತ್ತವೆ, ಗೇಣಿಗಿಂತ ಚಿಕ್ಕವು, ತುದಿ ಚೂಪು. ಎಲೆ ಅಥವಾ ಎಳೆ ಕಡ್ಡಿ ಮುರಿದರೆ ಹಾಲು ಸುರಿಯುತ್ತದೆ. ಆ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಬೇಕು. ಬಾಡಿದ ಎಲೆ ಬರಬರುತ್ತಾ ನೀಲಿಗಪ್ಪಾಗುವುದು ಇನ್ನೊಂದು ಸುಳಿವು.

ಖಚಿತವಾಗಿ ಹೇಳುವುದು ಹೂವು. ಐದು ದಳ, ಬಿಡುವಾಗ ಅಚ್ಚ ಬಿಳುಪು, ಹಳತಾದಂತೆ ಕೆನೆ ಬಣ್ಣ. ಹತ್ತಿರ ಹಿಡಿದು ನೋಡಿದರೆ ದಳಗಳ ಬುಡದಲ್ಲಿ ಸಣ್ಣ ಸಣ್ಣ ಎಳೆಗಳ ಕುಚ್ಚು ಇರುತ್ತದೆ. ಅದರ ನಡುವೆ ಕೇಸರಗಳು ಒಂದಕ್ಕೊಂದು ಒರಗಿ ಪುಟ್ಟ ಶಂಕುವಾಗಿ ಹೊರಗೆ ಎದ್ದು ಕಾಣುತ್ತವೆ. ಹೂವಿನ ಕೊಳವೆ ತೀರ ಗಿಡ್ಡ. ಮಾರ್ಚ್‌ನಿಂದ ಮೇವರೆಗೆ ಈ ಹೂ ನೋಡಬಹುದು.

ಹೂವಿನ ಕಾಲ ಮೀರಿದರೆ ಕಾಯಿ ನೋಡಬೇಕು. ಒಂದೊಂದು ಹೂವಿನಿಂದ ಎರಡು ಕಾಯಿ. ಕಡ್ಡಿಯಷ್ಟು ಸಪೂರ, ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದ, ಜೋತುಬಿದ್ದಿರುತ್ತವೆ. ಬುಡದಲ್ಲಿ ಸೇರಿ, ನಡುವೆ ಬಾಗಿ ದೂರ ಸರಿದು, ತುದಿಯಲ್ಲಿ ಮತ್ತೆ ಕೂಡಿಕೊಂಡಿರುತ್ತವೆ. ಬಲಿತ ಮೇಲೆ ತುದಿ ಬಿಟ್ಟುಕೊಂಡು ಬಾಯಿ ಬಿರಿಯುತ್ತವೆ. ಒಳಗೆ ಸಪೂರ ಬೀಜ, ಪ್ರತಿ ಬೀಜಕ್ಕೂ ರೇಷ್ಮೆಯಂಥ ಬಿಳಿ ಕೂದಲಿನ ಕುಚ್ಚು. ಎಲೆಯೇ ಇಲ್ಲದ ಮಾಗಿಯ ದಿನಗಳಲ್ಲೂ ಈ ಜೋಡಿ ಕಾಯಿಯಿಂದ ಆಲೆಯನ್ನು ದೂರದಿಂದಲೇ ಗುರುತಿಸಬಹುದು.

ಮೋಸ ಹೋಗುವುದು ಕೊಡಸಿಗದ ಜೊತೆ. ಅದೂ ಒಣಕಾಡಿನ ಗಿಡ, ಅದಕ್ಕೂ ಹಾಲು, ಅದಕ್ಕೂ ಬಿಳಿ ಐದು ದಳದ ಪರಿಮಳದ ಹೂ, ಅದಕ್ಕೂ ಉದ್ದನೆಯ ಜೋಡಿ ಕಾಯಿ. ಆಯುರ್ವೇದದಲ್ಲಿ ಕುಟಜ ಎಂದು ಆಮಶಂಕೆ, ಭೇದಿಗೆ ಕೊಡುವುದು ಕೊಡಸಿಗದ ಕಹಿ ತೊಗಟೆಯನ್ನು. ಇಂದ್ರಜವೆ ಎಂಬುದು ಅದರ ಬೀಜ. ಆಲೆಯ ಬೀಜ, ತೊಗಟೆಗಳು ಕೊಡಸಿಗದವುಗಳ ಬದಲಿಯಾಗಿ ಪೇಟೆಗೆ ಬಂದು ಕಲಬೆರಕೆಯಾಗುವುದು ಹಳೆಯ ತಕರಾರು. ಉತ್ತರದ ಗ್ರಂಥಿಗೆ ಅಂಗಡಿಗಳಲ್ಲಿ ಕೊಡಸಿಗದ್ದನ್ನು ಕಹಿ ಇಂದ್ರಜವೆ, ಆಲೆಯದನ್ನು ಸಿಹಿ ಇಂದ್ರಜವೆ ಎಂದೇ ಬೇರೆ ಮಾಡಿ ಮಾರುತ್ತಾರೆ.

ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಕೊಡಸಿಗದ ಹೂವಿನ ಬಾಯಿಯಲ್ಲಿ ಕುಚ್ಚಿಲ್ಲ, ಕೇಸರಗಳು ಒಳಗೇ ಅಡಗಿರುತ್ತವೆ, ಕೊಳವೆ ಸಪೂರವಾಗಿ ಉದ್ದಕ್ಕಿರುತ್ತದೆ. ಅದರ ಕಾಯಿಗಳ ತುದಿ ಮೊದಲಿನಿಂದಲೂ ಬಿಡಿ ಬಿಡಿ. ಎಲೆ ಆಲೆಯದಕ್ಕಿಂತ ಅಗಲ, ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ. ಆಲೆಯ ದಾಯಾದಿಯೊಂದಿದೆ, ರೈಟಿಯಾ ಆರ್ಬೋರಿಯಾ. ಅದರ ಎಲೆ ಮುಟ್ಟಿದರೆ ಮಕಮಲ್ಲಿನ ಹಾಗೆ ನವಿರಾದ ರೋಮ, ಹೂವಿನ ನಡುವಿನ ಕುಚ್ಚು ಕಿತ್ತಳೆ ಬಣ್ಣ, ಎರಡು ಕಾಯಿಗಳು ಉದ್ದಕ್ಕೂ ಅಂಟಿಕೊಂಡು ಒಂದೇ ಕೋಲಾಗಿರುತ್ತವೆ. ಕರಾವಳಿಯವರು ಆಟಿ ಅಮಾವಾಸ್ಯೆಯ ಬೆಳಿಗ್ಗೆ ತೊಗಟೆ ಜಜ್ಜಿ ಕಷಾಯ ಕುಡಿಯುವ ಪಾಲೆ ಮರವನ್ನೂ ಕೆಲವರು ಹಾಲೆ ಎನ್ನುವುದರಿಂದ ಒಂದು ಎಚ್ಚರಿಕೆ ಬೇಕು. ಅದು ಆಲ್‌ಸ್ಟೋನಿಯಾ ಸ್ಕಾಲರಿಸ್ ಎಂಬ ದೊಡ್ಡ ಮರ, ಐದರಿಂದ ಏಳು ಎಲೆ ಒಂದೇ ಗೆಣ್ಣಿನ ಸುತ್ತ ವೃತ್ತವಾಗಿ ಮೂಡುತ್ತವೆ. ಹೆಸರು ಹತ್ತಿರವಿದೆಯೆಂದು ಒಂದರ ತೊಗಟೆಯನ್ನು ಇನ್ನೊಂದರ ಬದಲು ಬಳಸಬಾರದು.

ಆಲೆಯ ಎಲೆಯಲ್ಲಿ ನೀಲಿ ಬಣ್ಣವಿದೆ. ತೆಂಗಿನೆಣ್ಣೆಯಲ್ಲಿ ಅದರ ಎಲೆ ಹರಿದು ಹಾಕಿ ಕೆಲವು ದಿನ ಬಿಸಿಲಿಗಿಟ್ಟರೆ ಎಣ್ಣೆ ನೇರಳೆಗೆ ತಿರುಗುತ್ತದೆ. ತಮಿಳುನಾಡಿನ ಸಿದ್ಧವೈದ್ಯರು ಸೋರಿಯಾಸಿಸ್‌ಗೆ ಹಚ್ಚಲು ಕೊಡುವ ಎಣ್ಣೆ ಇದೇ ಬಗೆಯದು. 1793ರಲ್ಲಿ ಕಲ್ಕತ್ತಾ ಸಸ್ಯೋದ್ಯಾನದ ಹೊಣೆ ಹೊತ್ತ ವಿಲಿಯಂ ರಾಕ್ಸ್‌ಬರೋ ಈ ಎಲೆಗಳನ್ನು ನೀರಿನಲ್ಲಿ ಬಿಸಿ ಮಾಡಿ ನೀಲಿ ತೆಗೆಯುವ ವಿಧಾನದ ಬಗ್ಗೆ ವಿವರವಾಗಿ ಬರೆದ. ಅವನು ಇದನ್ನು ಕಣಗಿಲೆಯ ಜಾತಿಗೆ ಸೇರಿಸಿ ನೀರಿಯಂ ಟಿಂಕ್ಟೋರಿಯಂ ಎಂದಿದ್ದ. ಮುಂದೆ ರಾಬರ್ಟ್ ಬ್ರೌನ್, ಸ್ಕಾಟ್ಲೆಂಡಿನ ವೈದ್ಯ ಹಾಗೂ ಸಸ್ಯಜ್ಞ ವಿಲಿಯಂ ರೈಟ್‌ನ ಹೆಸರಿನಲ್ಲಿ ಬೇರೆ ಜಾತಿಯನ್ನೇ ಮಾಡಿದ. ಮದ್ರಾಸ್ ಪ್ರಾಂತ್ಯದಲ್ಲಿ ಪಾಲ ನೀಲಿ ಎಂಬ ಹೆಸರಿನಲ್ಲಿ ಈ ಬಣ್ಣ ತಯಾರಾಗುತ್ತಿತ್ತು. 1897ರಲ್ಲಿ ಜರ್ಮನಿಯ ಬಿಎಎಸ್ಎಫ್ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದ ಮೇಲೆ ಸಸ್ಯದ ನೀಲಿಗಳಿಗೆಲ್ಲ ಬಂದ ಗತಿಯೇ ಇದಕ್ಕೂ ಬಂತು.

ಚನ್ನಪಟ್ಟಣ ಮಾತ್ರ ಆಲೆಯ ಕೈ ಬಿಡಲಿಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಗೊಂಬೆ ಮಾಡುವ ಕಸುಬು ಬಂತೆಂದು ಊರು ನಂಬುತ್ತದೆ. ಜಪಾನಿನ ಅರಗಿನ ಕೆಲಸದ ತಂತ್ರಗಳನ್ನು ಇಲ್ಲಿಗೆ ತಂದ ಬಾವಾಸ್ ಮಿಯಾನ್ ಅವರನ್ನು ಕಸುಬಿನ ಹಿರಿಯ ಗುರುವೆಂದು ನೆನೆಯುತ್ತಾರೆ. ಗೊಂಬೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ.

ಆಲೆಯ ಮರ ಆನೆದಂತದ ಬಣ್ಣದ್ದು, ಎಳೆ ನುಣುಪು, ಹದವಾಗಿ ಮೆದು. ತೊಗಟೆ ಸುಲಿದು ಒಣಗಿಸಿದ ತುಂಡನ್ನು ಲೇತಿಗೆ ಸಿಕ್ಕಿಸಿ ಉಳಿ ಹಿಡಿದರೆ ಸಿಬಿರೇಳದೆ ಸವೆಯುತ್ತದೆ. ತಿರುಗುತ್ತಿರುವ ತುಂಡಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣ ತಾಳೆ ಗರಿಯನ್ನು ಒತ್ತಿ ಹಿಡಿದರೆ ಹೊಳಪು ಬರುತ್ತದೆ. ಮರದ ಮೈ ಬಿಳಿಯಾಗಿರುವುದರಿಂದ ಅರಿಸಿನದ ಹಳದಿಯಂಥ ತೆಳು ಬಣ್ಣವೂ ಮಂಕಾಗುವುದಿಲ್ಲ. ಮಗು ಬಾಯಿಗಿಟ್ಟರೂ ಭಯಪಡಬೇಕಿಲ್ಲ ಎಂಬ ಮಾತು ಈ ಗೊಂಬೆಗಳಿಗೆ ಬಂದದ್ದು ಅರಗು ಮತ್ತು ಸಸ್ಯಜನ್ಯ ಬಣ್ಣಗಳಿಂದ. ಇವತ್ತು ಹಲವು ಕಾರ್ಖಾನೆಗಳಲ್ಲಿ ರಬ್ಬರ್ ಮರ, ಸಿಲ್ವರ್ ಓಕ್ ಕೂಡ ಲೇತಿಗೇರುತ್ತವೆ. ಅವು ಸುಲಭವಾಗಿ ಸಿಗುತ್ತವೆ ಎಂಬುದು ನಿಜ. ಆದರೆ ಗೊಂಬೆ ಹುಟ್ಟಿದ ನೆಲದ ಗಿಡವೇ ಗೊಂಬೆಯಿಂದ ದೂರವಾಗುವುದು ಸುಮ್ಮನೆ ನೋಡಿಕೊಂಡಿರುವ ಸಂಗತಿಯಲ್ಲ.

ಇಲ್ಲಿ ಒಂದು ಅನುಕೂಲವನ್ನು ಹೆಚ್ಚಿನವರು ಗಮನಿಸಿಲ್ಲ. ಬಾಗಿಲು, ಕಿಟಕಿಗೆ ಬೇಕಾದಂಥ ದಪ್ಪ ದಿಮ್ಮಿ ಗೊಂಬೆಗೆ ಬೇಡ. ಮಣಿ, ಬಳೆ, ಬುಗುರಿ, ಗಿಲಕಿಗೆ ಮುಂಗೈ ದಪ್ಪದ ನೇರ ಕೊಂಬೆ ಸಾಕು. ಅಂದರೆ ಮಹಾವೃಕ್ಷವಾಗುವವರೆಗೆ ಕಾಯದೆ, ಬದುವಿನ ಮೇಲೆ ಪೊದೆಯಾಗಿಯೇ ಬೆಳೆಸಿ, ಕಡಿದು, ಮತ್ತೆ ಚಿಗುರಿಸಿ ಬಳಸಬಹುದಾದ ಗಿಡ ಇದು. ರಾಗಿ ಹೊಲದ ಅಂಚಿನಲ್ಲಿ, ಮಾವಿನ ತೋಪಿನ ಬೇಲಿಯಲ್ಲಿ, ಹಿಪ್ಪುನೇರಳೆ ತೋಟದ ಸುತ್ತ ಇದಕ್ಕೆ ಜಾಗವಿದೆ.

ಬೆಳೆಸುವ ಕೆಲಸ ಬೀಜದಿಂದ ಶುರುವಾಗುತ್ತದೆ. ತೊಂದರೆ ಏನೆಂದರೆ ಕಾಯಿ ಬಿರಿದ ಗಳಿಗೆಯಲ್ಲೇ ಬೀಜ ಗಾಳಿಗೆ ಹಾರಿಬಿಡುತ್ತದೆ. ಮಾಗಿ ಕಳೆಯುತ್ತಿದ್ದಂತೆ ಹಸಿರು ಹೋಗಿ ಕಂದಾಗುತ್ತಿರುವ ಕಾಯಿಗಳನ್ನು ಬಿರಿಯುವ ಮೊದಲೇ ಕೊಯ್ದು, ತೆಳು ಬಟ್ಟೆಯ ಚೀಲದಲ್ಲಿ ಹಾಕಿ ನೆರಳಿನಲ್ಲಿ ಒಣಗಿಸಬೇಕು. ಎತ್ತರದ ಕೊಂಬೆಯಾದರೆ ಗಿಡದಲ್ಲೇ ಬಟ್ಟೆ ಕಟ್ಟಿಬಿಡುವುದು ಜಾಣತನ. ಕುಚ್ಚು ಉಜ್ಜಿ ತೆಗೆದ ಬೀಜವನ್ನು ವರ್ಷಗಟ್ಟಲೆ ಇಟ್ಟುಕೊಳ್ಳದೆ ಅದೇ ಬೇಸಿಗೆಯಲ್ಲಿ ಬಿತ್ತುವುದು ಒಳ್ಳೆಯದು. ಕೆಂಪು ಮಣ್ಣು, ಮರಳು, ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದ ಮಡಿಯಲ್ಲಿ ಅಥವಾ ಪಾಲಿಥಿನ್ ಚೀಲದಲ್ಲಿ ಬೀಜವನ್ನು ತೆಳುವಾಗಿ ಮುಚ್ಚಿ, ಹೂಝಾರಿಯಿಂದ ನೀರು ಚಿಮುಕಿಸಬೇಕು. ಮೊಳಕೆಯ ಹೊತ್ತಿನಲ್ಲಿ ನೀರು ಹೆಚ್ಚಾದರೆ ಬುಡ ಕೊಳೆಯುತ್ತದೆ. ಮೊದಲ ವಾರಗಳಲ್ಲಿ ತೆಂಗಿನ ಗರಿಯ ಚಪ್ಪರ ಸಾಕು. ನಾಲ್ಕಾರು ಎಲೆ ಬಂದ ಮೇಲೆ ಬಿಸಿಲಿಗೆ ರೂಢಿ ಮಾಡಿಸಬೇಕು.

ನೆಡಲು ಮುಂಗಾರು ಹಿಡಿದ ಮೇಲಿನ ದಿನಗಳು ಸರಿ. ಒಂದೂವರೆ ಅಡಿ ಗುಂಡಿ, ಒಂದು ಬುಟ್ಟಿ ಗೊಬ್ಬರ, ಇಡೀ ದಿನ ಬಿಸಿಲು ಬೀಳುವ ಜಾಗ. ಕೆರೆ ಅಂಗಳದ ಜವುಗು, ನೀರು ನಿಲ್ಲುವ ಎರೆಮಣ್ಣು ಬೇಡ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಬುಡಕ್ಕೆ ನೀರು ಕೊಟ್ಟು, ತರಗು ಮುಚ್ಚಿದರೆ ಗಿಡ ಗಟ್ಟಿಯಾಗುತ್ತದೆ. ಚಳಿಗಾಲದ ಕೊನೆಗೆ ಎಲೆ ಪೂರ್ತಿ ಉದುರಿದಾಗ ಗಿಡ ಸತ್ತಿತೆಂದು ಕಿತ್ತುಹಾಕಬಾರದು; ಅದು ಅದರ ಸ್ವಭಾವ. ಉಗುರಿನಿಂದ ತೊಗಟೆ ಸ್ವಲ್ಪ ಗೀರಿದರೆ ಒಳಗೆ ಹಸಿರು ಕಾಣುತ್ತದೆ. ಮನೆ ಅಂಗಳದಲ್ಲಿ ಹೂವಿಗಾಗಿ ಬೆಳೆಸುವವರು ಮಳೆಗಾಲದ ಆರಂಭದಲ್ಲಿ, ಹೂ ಮುಗಿದ ಕೂಡಲೇ, ತುದಿ ಕತ್ತರಿಸಿದರೆ ಕವಲು ಹೆಚ್ಚಿ ಮುಂದಿನ ಯುಗಾದಿಗೆ ಗೊಂಚಲೂ ಹೆಚ್ಚುತ್ತವೆ. ಚಿಗುರುವ ಮುಂಚೆ ಕತ್ತರಿಸಿದರೆ ಆ ವರ್ಷದ ಹೂ ಹೋಯಿತು.

ಸಸಿ ಬೇಕಾದವರು ತಾಲ್ಲೂಕಿನ ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಮೊದಲೇ ಕೇಳಿಡಬೇಕು. ರೈತರು ಕೇಳದ ಜಾತಿಯನ್ನು ಯಾವ ಸಸ್ಯಕ್ಷೇತ್ರವೂ ಹೆಚ್ಚು ಬೆಳೆಸುವುದಿಲ್ಲ. ಸಾಗುವಳಿ ಜಮೀನಿನಲ್ಲಿ ನೆಟ್ಟು ಬದುಕಿಸಿದ ಸಸಿಗಳಿಗೆ ಮೂರು ವರ್ಷ ಪ್ರೋತ್ಸಾಹಧನ ಕೊಡುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ರಾಜ್ಯದಲ್ಲಿದೆ. ಆಲೆಯನ್ನು ಅದರಡಿ ಕೊಡಲಾಗುತ್ತದೆಯೇ ಎಂದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಬಹುದು. ಕಡಿಯುವ ಹೊತ್ತಿಗೂ ಅದೇ ಕಚೇರಿಗೆ ಹೋಗಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಸ್ವಂತ ಜಮೀನಿನ ಮರಗಳಿಗೂ ಅನ್ವಯಿಸುವುದರಿಂದ ಅನುಮತಿ ವಿಚಾರಿಸದೆ ಕೊಡಲಿ ಎತ್ತುವುದು ಸರಿಯಲ್ಲ.

ಸಿಲ್ವರ್ ಓಕಿನ ವೇಗ ಆಲೆಗಿಲ್ಲ. ಬದಲಿಗೆ, ಒಮ್ಮೆ ಬೇರೂರಿದ ಬುಡ ಸುಲಭಕ್ಕೆ ಸಾಯುವುದಿಲ್ಲ. ಎಲೆ ಉದುರಿದ ಕಾಲದಲ್ಲಿ ನೆಲದಿಂದ ಗೇಣು ಮೇಲೆ, ಮಳೆನೀರು ನಿಲ್ಲದಂತೆ ಓರೆಯಾಗಿ, ತೊಗಟೆ ಸೀಳದ ಹಾಗೆ ಹರಿತವಾದ ಗರಗಸದಿಂದ ಕತ್ತರಿಸಬೇಕು. ಮುಂಗಾರಿಗೆ ಬುಡದ ಸುತ್ತ ಹತ್ತಾರು ಚಿಗುರು ಏಳುತ್ತವೆ. ಅವುಗಳಲ್ಲಿ ನೆಟ್ಟಗಿರುವ ಎರಡು ಮೂರನ್ನು ಉಳಿಸಿ ಮಿಕ್ಕವನ್ನು ಸವರಿ, ದನಕರು ಬಾಯಿ ಹಾಕದಂತೆ ಒಂದು ವರ್ಷ ಮುಳ್ಳು ಕಟ್ಟಿದರೆ, ಮುಂದಿನ ಕಟಾವಿಗೆ ಹೊಸದಾಗಿ ಸಸಿ ನೆಡುವ ಕೆಲಸವಿರುವುದಿಲ್ಲ.